ಅಜ್ಜಿ ತುತ್ತು ಬೇಡ ಅಂದಾಗ

ಪ್ರಶ್ನೆ: ಸಿಸ್ಟರ್, ನಮಸ್ಕಾರ. ಮೈಸೂರಿನ ಹೊರವಲಯದ ಒಂದು ವೃದ್ಧಾಶ್ರಮದಲ್ಲಿ ಕೇರ್‌ಟೇಕರ್ ಆಗಿ ಸೇರಿ ಎಂಟು ತಿಂಗಳಾಯಿತು. ಪಿಯುಸಿ ಆದಮೇಲೆ ಮೂರು ತಿಂಗಳ ತರಬೇತಿ ಪಡೆದಿದ್ದೇನೆ, ಅಷ್ಟೇ. ನಾನು ನೋಡಿಕೊಳ್ಳುವವರಲ್ಲಿ 86 ವರ್ಷದ ಒಬ್ಬರು ಅಜ್ಜಿ ಇದ್ದಾರೆ. ಆರು ವರ್ಷದಿಂದ ಮರೆವಿನ ಕಾಯಿಲೆ. ಕಳೆದ ವರ್ಷ ಸೊಂಟದ ಮೂಳೆ ಮುರಿದಾಗಿನಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ಎರಡು ತಿಂಗಳಿಂದ ಊಟ ಕಡಿಮೆಯಾಗುತ್ತಾ ಬಂದು, ಈಗ ಹತ್ತು ದಿನದಿಂದ ಚಮಚ ಹತ್ತಿರ ತಂದರೆ ಬಾಯಿ ಬಿಗಿ ಹಿಡಿಯುತ್ತಾರೆ. ದಿನದ ಹೆಚ್ಚು ಹೊತ್ತು ನಿದ್ದೆ. ಅವರ ಮಗ ಬೆಂಗಳೂರಿನಿಂದ ಬಂದು, 'ನಮ್ಮಮ್ಮನ್ನ ಉಪವಾಸ ಕೆಡವಿದ್ದೀರಿ' ಅಂತ ಎಲ್ಲರೆದುರು ಕೂಗಾಡಿದರು. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಮೂಗು ಹಿಡಿದರೆ ಬಾಯಿ ತೆಗೀತಾರೆ, ಹಾಕಿಬಿಡು ಅನ್ನುತ್ತಾರೆ. ನನಗೆ ಕೈ ನಡುಗುತ್ತದೆ. ನನ್ನ ನೈಟ್ ಡ್ಯೂಟಿಯಲ್ಲೇ ಅವರು ಹೋಗಿಬಿಟ್ಟರೆ ಏನು ಮಾಡಬೇಕು? ಅವರ ಹಿಮ್ಮಡಿಯೂ ಸ್ವಲ್ಪ ಕೆಂಪಾಗಿದೆ. ಅವರನ್ನು ನೋಡಿದರೆ ಅಳು ಬರುತ್ತದೆ, ಅವರ ಮುಂದೆ ಅಳಬಾರದು ಅಂತ ಆಚೆ ಹೋಗುತ್ತೇನೆ. ಅದು ತಪ್ಪಾ?

ಉತ್ತರ: ತಂಗಿ ಅಂತಲೇ ಕರೆಯುತ್ತೇನೆ. ನೀವು ಕೊನೆಗೆ ಸೇರಿಸಿದ ಹಿಮ್ಮಡಿಯ ಮಾತನ್ನು ಮೊದಲು ಮುಗಿಸೋಣ, ಅದು ನಾಳೆಯವರೆಗೆ ಕಾಯುವ ವಿಷಯವಲ್ಲ.

ಕೆಂಪಾದ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಒತ್ತಿದಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಇನ್ನೂ ಓಡಾಡುತ್ತಿದೆ ಅಂತ ಅರ್ಥ. ಒತ್ತಿದರೂ ಕೆಂಪು ಹಾಗೇ ಉಳಿದರೆ ಬೆಡ್‌ಸೋರ್, ಅಂದರೆ ಒಂದೇ ಕಡೆ ಒತ್ತಿ ಮಲಗಿ ಆಗುವ ಹುಣ್ಣು, ಶುರುವಾಗಿದೆ, ಚರ್ಮ ಒಡೆದಿಲ್ಲ ಅಷ್ಟೇ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ ಹೋಗಬಹುದು. ಆ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದರೆ ಕಾಲು ಎಳೆದುಕೊಳ್ಳುತ್ತಾರೆಯೇ ನೋಡಿ. ಎರಡರಲ್ಲಿ ಯಾವುದಾದರೂ ಸರಿ, ಇವತ್ತೇ ನರ್ಸ್‌ಗೆ ಹೇಳಿ. ಮೀನಖಂಡದ ಕೆಳಗೆ ಉದ್ದಕ್ಕೆ ಒಂದು ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿ ನಿಲ್ಲುವಂತೆ ಮಾಡಿ. ಕೆಂಪಾದ ಜಾಗವನ್ನು ಉಜ್ಜಬೇಡಿ. ರಕ್ತ ಹರಿಯಲಿ ಅಂತ ತಿಕ್ಕುವುದು ನಮ್ಮ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸ. ನಾನೂ ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ ತಿಕ್ಕಿದ್ದೇನೆ. ಒಳಗಡೆ ಆಗಲೇ ಸೋತಿರುವ ಮಾಂಸ ಅದರಿಂದ ಇನ್ನಷ್ಟು ಹಾಳಾಗುತ್ತದೆ ಎಂದು ತಿಳಿದದ್ದು ಆಮೇಲೆ. ನಡುವೆ ತೂತಿರುವ ರಿಂಗ್ ಕುಶನ್ ಕೂಡ ಬೇಡ, ಅದು ಸುತ್ತಲೂ ಒತ್ತಿ ನಡುವಿನ ರಕ್ತವನ್ನು ತಡೆಯುತ್ತದೆ.

ಈಗ ಊಟದ ಮಾತು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು 'ಎರಡು ತಿಂಗಳಿಂದ ಕಡಿಮೆಯಾಗುತ್ತಾ ಬಂದು' ಎನ್ನುವ ಮಾತು. ನಿನ್ನೆಯವರೆಗೆ ಚೆನ್ನಾಗಿ ಉಣ್ಣುತ್ತಿದ್ದವರು ಇವತ್ತು ಇದ್ದಕ್ಕಿದ್ದಂತೆ ಬೇಡ ಅಂದರೆ ಅದು ಬೇರೆ ಕಥೆ. ಮೂತ್ರದ ಸೋಂಕು, ಜ್ವರ, ಹೊಸ ಮಾತ್ರೆ, ಸಣ್ಣ ಸ್ಟ್ರೋಕ್, ಏನೂ ಇರಬಹುದು. ಆಗ ಡಾಕ್ಟರನ್ನು ತಡಮಾಡದೆ ಕರೆಸಬೇಕು. ವಾರದಿಂದ ವಾರಕ್ಕೆ ಇಳಿಯುತ್ತಾ ಬರುವುದು, ಜೊತೆಗೆ ಮೈ ಕರಗುವುದು, ನಿದ್ದೆ ಹೆಚ್ಚುವುದು, ಮಾತು ಒಂದೆರಡು ಶಬ್ದಕ್ಕೆ ನಿಲ್ಲುವುದು, ಇವೆಲ್ಲ ಒಟ್ಟಿಗೆ ಬಂದರೆ ಮರೆವಿನ ಕಾಯಿಲೆ ತನ್ನ ಕೊನೆಯ ಮಜಲಿಗೆ ಬಂದಿದೆ ಎಂದು ತಿಳಿಯಬಹುದು. ಹಾಗೆಂದು ತೀರ್ಮಾನಿಸಬೇಕಾದವರು ಡಾಕ್ಟರ್. ಆದರೆ ಅವರ ತೀರ್ಮಾನ ಸರಿಯಾಗಬೇಕಾದರೆ ನೀವು ಕಂಡದ್ದನ್ನು ಅವರಿಗೆ ಹೇಳಬೇಕು. ಅವರು ವಾರಕ್ಕೊಮ್ಮೆ ಬಂದು ಐದು ನಿಮಿಷ ನೋಡುತ್ತಾರೆ. ಅಜ್ಜಿಯ ಜೊತೆ ಹನ್ನೆರಡು ಗಂಟೆ ಇರುವವರು ನೀವು.

ಹಾಗಾಗಿ ಕೊನೆಯ ಹಂತ ಎಂದುಕೊಂಡು ಕೈ ಬಿಡುವ ಮೊದಲು ಕೆಲವನ್ನು ನೀವೇ ನೋಡಿ. ಟಾರ್ಚ್ ಹಿಡಿದು ಬಾಯೊಳಗೆ ನೋಡಿ. ನಾಲಿಗೆ, ಕೆನ್ನೆಯ ಒಳಭಾಗದಲ್ಲಿ ಮೊಸರು ಮೆತ್ತಿದ ಹಾಗೆ ಬಿಳಿ ಪದರ ಇದ್ದು, ಒರೆಸಿದರೆ ಸುಲಭವಾಗಿ ಹೋಗದಿದ್ದರೆ ಅದು ಶಿಲೀಂಧ್ರದ ಸೋಂಕು ಇರಬಹುದು. ನುಂಗಿದಾಗಲೆಲ್ಲ ಉರಿಯುತ್ತದೆ, ಹೇಳಲು ಅಜ್ಜಿಗೆ ಮಾತಿಲ್ಲ, ಅದಕ್ಕೇ ಬಾಯಿ ಬಿಗಿ ಹಿಡಿಯುತ್ತಾರೆ. ಬಾಯಿಗೆ ಬಿಡುವ ಔಷಧಿಯಿಂದ ಕೆಲವೇ ದಿನಗಳಲ್ಲಿ ಗುಣವಾಗುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ತೆಗೆದು ನೋಡಿ, ಮೈ ಇಳಿದವರಿಗೆ ಸೆಟ್ ಸಡಿಲವಾಗಿ ಒಸಡನ್ನು ಉಜ್ಜಿ ಹುಣ್ಣು ಮಾಡುತ್ತದೆ. ನಿನ್ನೆಯ ಅನ್ನ ಕೆನ್ನೆಯ ಸಂದಿಯಲ್ಲಿ ಇನ್ನೂ ಉಳಿದಿರಬಹುದು. ಆಮೇಲೆ ರಿಜಿಸ್ಟರ್ ತೆಗೆದು, ಮಲವಿಸರ್ಜನೆ ಆಗಿ ಎಷ್ಟು ದಿನವಾಯಿತು ನೋಡಿ. ಇಲ್ಲೊಂದು ಮೋಸವಿದೆ. ಮಲ ಗಟ್ಟಿಯಾಗಿ ಕಟ್ಟಿಕೊಂಡಾಗ ಅದರ ಪಕ್ಕದಿಂದ ನೀರಿನಂಥದ್ದು ಸ್ವಲ್ಪ ಸ್ವಲ್ಪ ಸೋರುತ್ತದೆ. ಡೈಪರ್ ನೋಡಿದವರು ಭೇದಿ ಅಂತ ಬರೆದು ನಿಲ್ಲಿಸುವ ಮಾತ್ರೆ ಕೊಡಿಸಿಬಿಡುತ್ತಾರೆ. ಐದು ದಿನ ಕಟ್ಟಿಕೊಂಡಿರುವ ಹೊಟ್ಟೆಗೆ ಯಾರಿಗೆ ತಾನೇ ಊಟ ಸೇರುತ್ತದೆ?

ಇಷ್ಟೆಲ್ಲ ನೋಡಿಯಾಯಿತು, ಡಾಕ್ಟರೂ ನೋಡಿದರು, ಸರಿಪಡಿಸುವಂಥದ್ದು ಯಾವುದೂ ಸಿಗಲಿಲ್ಲ ಎನ್ನಿ. ಆಗ ನೀವು ಮನಸ್ಸಿಗೆ ತಂದುಕೊಳ್ಳಬೇಕಾದ ಮಾತು: ಅಜ್ಜಿ ಉಣ್ಣದೇ ಇರುವುದರಿಂದ ಸಾಯುತ್ತಿಲ್ಲ. ಸಾವು ಹತ್ತಿರವಾಗಿರುವುದರಿಂದ ಅವರ ಮೈ ಊಟವನ್ನು ಬಿಡುತ್ತಿದೆ. ಕರುಳು ನಿಧಾನವಾಗಿದೆ, ಹಸಿವೆಯ ಸೂಚನೆ ಮಿದುಳಿಗೆ ತಲುಪುತ್ತಿಲ್ಲ, ನುಂಗುವ ಸ್ನಾಯುಗಳು ತಮ್ಮ ಕೆಲಸ ಮರೆತಿವೆ. ನಮಗೆ ಎರಡು ಹೊತ್ತು ಊಟ ತಪ್ಪಿದರೆ ಆಗುವ ಸಂಕಟ ಅವರಿಗಿಲ್ಲ. ಇದನ್ನು ನಂಬುವುದು ನಮ್ಮವರಿಗೆ ಬಹಳ ಕಷ್ಟ. ಮನೆಗೆ ಬಂದವರನ್ನು 'ಊಟ ಆಯ್ತಾ' ಅಂತಲೇ ಮಾತಾಡಿಸುವವರು ನಾವು. ತಾಯಿ ಉಣ್ಣಲಿಲ್ಲ ಎಂದರೆ ಮಗನಿಗೆ ತಾನು ಏನನ್ನೂ ಕೊಡಲಿಲ್ಲ ಎಂದೇ ಅನಿಸುತ್ತದೆ.

ಮೂಗು ಹಿಡಿದು ಹಾಕುವುದನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ. ಅದು ಆರೈಕೆಯಲ್ಲ, ಹಿಂಸೆ. ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳುತ್ತೇನೆಂದರೆ ನನ್ನ ಕೈಯಿಂದ ಅಂಥದ್ದೊಂದು ಆಗಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಜನರಲ್ ವಾರ್ಡಿನಲ್ಲಿ ಒಬ್ಬ ವಯಸ್ಸಾದ ರೈತರಿದ್ದರು. ಅರೆಮಂಪರಿನಲ್ಲಿದ್ದರು. 'ಒಂದ್ ಲೋಟ ಹಾಲಾದ್ರೂ ಹೋಗ್ಲಿ ಸಿಸ್ಟರ್' ಅಂತ ಅವರ ಮಗಳು ಕಣ್ಣೀರು ಹಾಕಿದಳು. ಫೀಡಿಂಗ್ ಕಪ್ಪಿನಲ್ಲಿ ನಾನೇ ಹಾಲು ಬಿಟ್ಟೆ. ಅವರು ಕೆಮ್ಮಲೂ ಇಲ್ಲ. ಕೆಮ್ಮುವ ಶಕ್ತಿಯೇ ಇರಲಿಲ್ಲ. ತುಟಿ ನೀಲಿಯಾಯಿತು. ಹಾಲು ಶ್ವಾಸಕೋಶಕ್ಕೆ ಇಳಿದಿತ್ತು. ಇನ್ನೆರಡು ದಿನ ಬದುಕಿದ್ದರು, ಆ ಎರಡು ದಿನವೂ ಉಸಿರಿಗಾಗಿ ಒದ್ದಾಡಿದರು. ಸುಮ್ಮನೆ ತುಟಿ ಒದ್ದೆ ಮಾಡಿ ಬಿಟ್ಟಿದ್ದರೆ ನಿದ್ದೆಯಲ್ಲೇ ಹೋಗುತ್ತಿದ್ದರೇನೋ. ಮೂವತ್ತೈದು ವರ್ಷವಾದರೂ ಆ ಫೀಡಿಂಗ್ ಕಪ್ಪಿನ ತೂಕ ನನ್ನ ಕೈಗೆ ನೆನಪಿದೆ.

ಹಾಗಂತ ತಿನ್ನಿಸುವುದನ್ನು ಪೂರ್ತಿ ನಿಲ್ಲಿಸಿ ಅಂತಲೂ ಅಲ್ಲ. ಅಜ್ಜಿ ಚೆನ್ನಾಗಿ ಎಚ್ಚರವಾಗಿರುವ ಹೊತ್ತು ದಿನದಲ್ಲಿ ಒಂದೆರಡು ಸಲ ಬಂದೇ ಬರುತ್ತದೆ. ಹೆಚ್ಚಾಗಿ ಬೆಳಿಗ್ಗೆ ಮೈ ಒರೆಸಿ ಬಟ್ಟೆ ಬದಲಿಸಿದ ಮೇಲೆ. ಊಟದ ಗಂಟೆಗೆ ಕಾಯದೆ ಆ ಹೊತ್ತನ್ನು ಹಿಡಿಯಿರಿ. ಹಾಸಿಗೆಯ ತಲೆಕಡೆ ಎತ್ತಿ, ಬೆನ್ನಿಗೆ ದಿಂಬು ಕೊಟ್ಟು ಆದಷ್ಟು ನೇರವಾಗಿ ಕೂರಿಸಿ. ಗದ್ದ ಸ್ವಲ್ಪ ಎದೆಯ ಕಡೆ ಬಾಗಿರಲಿ, ಕತ್ತು ಹಿಂದಕ್ಕೆ ಮಲಗಿದ್ದರೆ ಶ್ವಾಸನಾಳ ತೆರೆದುಕೊಂಡಿರುತ್ತದೆ. ನೀವು ನಿಂತು ತಿನ್ನಿಸಬೇಡಿ. ಒಂದು ಸ್ಟೂಲ್ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ಅರ್ಧ ಚಮಚ ಸಾಕು. ಚಮಚ ತುಟಿಗೆ ತಾಗಿಸಿ ಕಾಯಿರಿ, ತೆರೆದರೆ ಕೊಡಿ. ಗಂಟಲು ಮೇಲೆ ಕೆಳಗೆ ಆಡಿತೇ ನೋಡಿ, ಆಡಿದ ಮೇಲೆ ಮುಂದಿನದು. ನುಂಗಿದ ಮೇಲೆ ದನಿ ನೀರು ತುಂಬಿಕೊಂಡ ಹಾಗೆ ಕೇಳಿಸಿದರೆ, ಅಥವಾ ಕೆಮ್ಮಿದರೆ, ಅಲ್ಲಿಗೆ ನಿಲ್ಲಿಸಿ. ನೀರು ಸುಲಭ, ಗಂಜಿ ಕಷ್ಟ ಅಂತ ನಾವು ತಿಳಿದಿರುತ್ತೇವೆ. ನುಂಗಲು ಆಗದವರಿಗೆ ಇದು ತಲೆಕೆಳಗು: ತೆಳ್ಳಗಿನ ನೀರು ಹಿಡಿತಕ್ಕೆ ಸಿಗದೆ ಜಾರಿ ತಪ್ಪು ದಾರಿಗೆ ಇಳಿಯುತ್ತದೆ, ಗಟ್ಟಿಯಾದ ರಾಗಿ ಸರಿ ಅಥವಾ ಕಿವುಚಿದ ಮೊಸರನ್ನ ಸಾವಕಾಶವಾಗಿ ಸರಿದಾರಿಯಲ್ಲಿ ಹೋಗುತ್ತದೆ. ಮರೆವಿನವರಿಗೆ ಉಳಿದ ರುಚಿಗಳು ಮಾಸಿದರೂ ಸಿಹಿ ಬಹಳ ಕಾಲ ಉಳಿಯುತ್ತದೆ. ಎರಡು ಚಮಚ ಪಾಯಸ, ಕಿವುಚಿದ ಬಾಳೆಹಣ್ಣು, ಚಳಿ ಇಲ್ಲದ ದಿನ ಸ್ವಲ್ಪ ಐಸ್‌ಕ್ರೀಮ್ ಕೊಟ್ಟು ನೋಡಿ. ಎಷ್ಟು ಹೋಯಿತು ಎಂದು ಅಳೆಯಬೇಡಿ. ಮುಖ ತಿರುಗಿಸಿದರೆ ಅವರ ಊಟ ಮುಗಿಯಿತು. ಆಮೇಲೆ ಅರ್ಧ ಗಂಟೆಯಾದರೂ ಮಲಗಿಸದೆ ಹಾಗೇ ಕೂರಿಸಿರಿ, ಬಾಯೊಳಗೆ ಏನೂ ಉಳಿದಿಲ್ಲ ಎಂದು ನೋಡಿಕೊಳ್ಳಿ. ತೂಕಡಿಸುತ್ತಿರುವವರಿಗೆ ಏನನ್ನೂ ಕೊಡಬೇಡಿ, ಮಾತ್ರೆಯನ್ನೂ ಸಹ. ಮಾತ್ರೆ ನುಂಗುತ್ತಿಲ್ಲ ಎಂದು ನರ್ಸ್‌ಗೆ ಹೇಳಿದರೆ ಯಾವುದು ಬೇಕು, ಯಾವುದನ್ನು ಬಿಡಬಹುದು ಎಂದು ಡಾಕ್ಟರ್ ಗೊತ್ತುಮಾಡುತ್ತಾರೆ.

ಮಗ ಮುಂದಿನ ಸಲ ಬಂದಾಗ ಕೇಳುವುದು ಎರಡೇ: ಮೂಗಿಗೆ ಟ್ಯೂಬ್ ಹಾಕಿಸಿ, ಇಲ್ಲವೇ ಗ್ಲೂಕೋಸ್ ಹಾಕಿಸಿ. ಇವೆರಡೂ ನೀವು ಉತ್ತರಿಸುವ ಪ್ರಶ್ನೆಗಳಲ್ಲ, ಡಾಕ್ಟರ್ ಮತ್ತು ಮನೆಯವರು ಕೂತು ಮಾತಾಡಬೇಕಾದದ್ದು. ಆದರೆ ಡಾಕ್ಟರು ಯಾಕೆ ಹಿಂಜರಿಯುತ್ತಾರೆ ಎಂದು ನಿಮಗೂ ಗೊತ್ತಿರಲಿ. ಮರೆವಿನ ಕಾಯಿಲೆಯ ಕೊನೆಯ ಹಂತದಲ್ಲಿ ಮೂಗಿನಿಂದ ಹೊಟ್ಟೆಗೆ ಇಳಿಸುವ ಈ ರೈಲ್ಸ್ ಟ್ಯೂಬಿನಿಂದ ಆಯುಸ್ಸು ಹೆಚ್ಚುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ, ಆಹಾರ ಶ್ವಾಸಕೋಶಕ್ಕೆ ಇಳಿಯುವುದೂ ತಪ್ಪುವುದಿಲ್ಲ. ಟ್ಯೂಬ್ ಕಿತ್ತುಕೊಳ್ಳುತ್ತಾರೆಂದು ಕೈ ಕಟ್ಟುತ್ತಾರೆ, ಅದು ಇನ್ನೊಂದು ಸಂಕಟ. ಅಮೆರಿಕದ ವೃದ್ಧವೈದ್ಯರ ಸಂಘ 2014ರಲ್ಲೇ ಇಂಥವರಿಗೆ ಟ್ಯೂಬ್ ಬೇಡ, ಎಚ್ಚರಿಕೆಯಿಂದ ಕೈಯಾರೆ ತಿನ್ನಿಸಿ ಎಂದು ಸ್ಪಷ್ಟವಾಗಿ ಹೇಳಿದೆ. ಇನ್ನು ಗ್ಲೂಕೋಸ್. ಮೂತ್ರಪಿಂಡ, ಹೃದಯ ಸೋಲುತ್ತಿರುವ ಮೈಗೆ ನೀರು ಹೋಗುತ್ತಲೇ ಇದ್ದರೆ ಅದು ಕೈಕಾಲಿನಲ್ಲಿ ಬಾವಾಗಿ, ಎದೆಯಲ್ಲಿ ಕಫವಾಗಿ ನಿಲ್ಲುತ್ತದೆ.

ಮಗನ ಸಿಟ್ಟಿಗೆ ಉತ್ತರವಾಗಿ ವಾದ ಮಾಡಬೇಡಿ. ಅವರ ಕೈಗೆ ಕೆಲಸ ಕೊಡಿ. 'ಸರ್, ಅಮ್ಮನಿಗೆ ಈಗ ನುಂಗೋಕೆ ಆಗ್ತಿಲ್ಲ, ಬಲವಂತ ಮಾಡಿದ್ರೆ ಉಸಿರು ಕಟ್ಟತ್ತೆ. ಬಾಯಿ ಮಾತ್ರ ಒಣಗ್ತಿರತ್ತೆ. ನೀವೇ ಸ್ವಲ್ಪ ಒದ್ದೆ ಮಾಡ್ತೀರಾ?' ಅಂತ ಕೇಳಿ, ಒದ್ದೆ ಹತ್ತಿಯನ್ನು ಅವರ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತು ತೋರಿಸಿ. ಕೂಗಾಡುತ್ತಿದ್ದ ಎಷ್ಟೋ ಗಂಡುಮಕ್ಕಳು ಆ ಹತ್ತಿ ಹಿಡಿದ ಕೂಡಲೇ ಮೆತ್ತಗಾದದ್ದನ್ನು ಕಂಡಿದ್ದೇನೆ. ಊಟ ಕೊಡುವುದಷ್ಟೇ ಸೇವೆ ಎಂದು ತಿಳಿದವರಿಗೆ ಬೇರೆ ಸೇವೆಯೂ ಇದೆ ಎಂದು ಯಾರಾದರೂ ತೋರಿಸಬೇಕು.

ಬಾಯಿಯ ಆರೈಕೆ ಎನ್ನುವುದು ಕೊನೆಯ ದಿನಗಳ ದೊಡ್ಡ ಕೆಲಸ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ದೊಡ್ಡದು. ಬಾಯಿ ತೆರೆದು ಉಸಿರಾಡುವವರ ನಾಲಿಗೆ ಒಣಗಿ ಮರದ ತೊಗಟೆಯ ಹಾಗಾಗುತ್ತದೆ. ಬಾಯಾರಿಕೆಯ ಸಂಕಟ ಅವರಿಗೆ ಇರುವುದು ಹೊಟ್ಟೆಯಲ್ಲಿ ಅಲ್ಲ, ಒಣಗಿದ ಬಾಯಿಯಲ್ಲಿ. ಮಕ್ಕಳ ಮೆತ್ತನೆಯ ಬ್ರಷ್ ಅಥವಾ ಬೆರಳಿಗೆ ಸುತ್ತಿದ ಗಾಜ್ ಬಟ್ಟೆ ಒದ್ದೆ ಮಾಡಿ, ಹಿಂಡಿ, ಒಸಡು, ನಾಲಿಗೆ, ಕೆನ್ನೆಯ ಒಳಗೆ ಮೆಲ್ಲಗೆ ಒರೆಸಿ. ಬೆರಳನ್ನು ಹಲ್ಲಿನ ನಡುವೆ ಇಡಬೇಡಿ, ಗೊತ್ತಾಗದೆ ಕಚ್ಚುತ್ತಾರೆ. ಎಚ್ಚರವಿರುವಾಗ ಗಂಟೆಗೊಮ್ಮೆ, ನಿದ್ದೆಯಲ್ಲಿರುವಾಗ ಎರಡು ಗಂಟೆಗೊಮ್ಮೆ. ತುಟಿಗೆ ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ; ಆಕ್ಸಿಜನ್ ಹಾಕಿದ್ದರೆ ಎಣ್ಣೆ, ವ್ಯಾಸಲೀನ್ ಬೇಡ, ಏನು ಹಚ್ಚಬೇಕೆಂದು ನರ್ಸ್ ಹೇಳುತ್ತಾರೆ. ಕೆಲವೆಡೆ ನಿಂಬೆ ಮತ್ತು ಗ್ಲಿಸರಿನ್ ಹಚ್ಚುವುದಿದೆ. ಆಗ ತಂಪೆನಿಸಿದರೂ ಆಮೇಲೆ ಬಾಯಿ ಮತ್ತಷ್ಟು ಒಣಗುತ್ತದೆ.

ಮೈ ಒರೆಸುವುದು ನಿಮಗೆ ಕಲಿಸಿದ್ದಾರೆ, ಅದನ್ನು ನಾನು ಉದ್ದ ಮಾಡುವುದಿಲ್ಲ. ನೀರಿನ ಬಿಸಿ ನಿಮ್ಮ ಮುಂಗೈ ಒಳಭಾಗಕ್ಕೆ ಹಿತವಾಗಿರಬೇಕು. ಮೊದಲು ಮುಖ, ಕಣ್ಣು ಒಳಗಿನಿಂದ ಹೊರಗೆ, ಗುಪ್ತಾಂಗ ಕೊನೆಗೆ ಮತ್ತು ಮುಂದಿನಿಂದ ಹಿಂದಕ್ಕೆ, ಅದಕ್ಕೆ ಬೇರೆ ನೀರು ಬೇರೆ ಬಟ್ಟೆ. ಯೂರಿನ್ ಬ್ಯಾಗ್ ಇದ್ದರೆ ಸೊಂಟಕ್ಕಿಂತ ಕೆಳಗೆ ತೂಗಲಿ, ನೆಲ ತಾಗದಿರಲಿ. ಇದರಾಚೆ ಒಂದು ಮಾತು. ಅಜ್ಜಿಗೆ ಅರ್ಥವಾಗುವುದಿಲ್ಲ ಎಂದುಕೊಂಡು ಬಾಗಿಲು ತೆರೆದಿಟ್ಟು ಮೈ ಒರೆಸಬೇಡಿ. ಒರೆಸುವ ಭಾಗವನ್ನಷ್ಟೇ ತೆರೆದು ಉಳಿದದ್ದು ಮುಚ್ಚಿರಿ. ಮುಟ್ಟುವ ಮೊದಲು ಹೆಸರು ಹಿಡಿದೋ, 'ಅಜ್ಜೀ' ಅಂತಲೋ ಕರೆದು, 'ಈಗ ಎಡಗೈ ಒರೆಸ್ತೀನಿ' ಅಂತ ಹೇಳಿ ಮುಟ್ಟಿ. ತಲೆ ಬಾಚಿ. ಹಣೆಗೆ ಕುಂಕುಮವೋ ವಿಭೂತಿಯೋ, ಏನೂ ಇಡದವರೋ ಎಂದು ಮನೆಯವರನ್ನು ಕೇಳಿಕೊಳ್ಳಿ. ಎಪ್ಪತ್ತು ವರ್ಷ ದಿನವೂ ಮುಡಿಗೆ ಒಂದು ಹೂ ಮುಡಿದವರಿಗೆ ಕೊನೆಯ ವಾರ ದಿಂಬಿನ ಪಕ್ಕ ಎರಡು ಮಲ್ಲಿಗೆ ಇಟ್ಟರೆ ಯಾರಿಗೆ ಏನು ನಷ್ಟ?

ಮಗ್ಗುಲು ಬದಲಿಸುವುದು ಎರಡು ಗಂಟೆಗೊಮ್ಮೆ ಎಂದು ಕಲಿತಿದ್ದೀರಿ. ಏರ್ ಬೆಡ್ ಇದ್ದರೂ ಬದಲಿಸಲೇಬೇಕು, ಅದು ನಿಮ್ಮ ಕೈಗೆ ಬದಲಿಯಲ್ಲ. ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ಸೊಂಟದ ಎಲುಬಿನ ಮೇಲೆ ಭಾರ ಬೀಳುತ್ತದೆ. ಅಜ್ಜಿಗೆ ಮುರಿದಿರುವುದೂ ಅದೇ ಜಾಗ. ಬೆನ್ನಿಗೆ ದಿಂಬು ಕೊಟ್ಟು ಅರೆಬರೆ ಓರೆಯಾಗಿ ಮಲಗಿಸಿ. ಎಳೆದು ಮೇಲಕ್ಕೆ ಸರಿಸಬೇಡಿ, ಮೈಕೆಳಗೆ ಅಡ್ಡಲಾಗಿ ಹಾಸಿದ ಡ್ರಾ ಶೀಟ್ ಹಿಡಿದು ಇಬ್ಬರು ಎತ್ತಿ ಸರಿಸಬೇಕು. ಒಬ್ಬರೇ ಇದ್ದರೆ ಇನ್ನೊಬ್ಬರು ಬರುವವರೆಗೆ ಕಾಯಿರಿ, ನಿಮ್ಮ ನಡುವೂ ಮುರಿಯಬಾರದು. ಕೊನೆಯ ಒಂದೆರಡು ದಿನಗಳಲ್ಲಿ, ಮುಟ್ಟಿದರೆ ನರಳುತ್ತಾರೆ ಎಂದಾದರೆ, ಗಡಿಯಾರಕ್ಕೆ ಕಟ್ಟುಬೀಳಬೇಡಿ. ಆಗ ಚರ್ಮಕ್ಕಿಂತ ನೆಮ್ಮದಿ ಮುಖ್ಯ. ಇದನ್ನು ನರ್ಸ್ ಜೊತೆ ಮಾತಾಡಿ ನಿರ್ಧರಿಸಿ, ನಿರ್ಧರಿಸಿದ್ದನ್ನು ಬರೆದಿಡಿ, ಇಲ್ಲದಿದ್ದರೆ ಮುಂದಿನ ಶಿಫ್ಟಿನವರು ನಿಮ್ಮನ್ನು ಸೋಮಾರಿ ಅಂದುಕೊಳ್ಳುತ್ತಾರೆ.

ಮಾತಿಲ್ಲದವರ ನೋವನ್ನು ಮುಖದಲ್ಲಿ ಓದಬೇಕು. ಹುಬ್ಬು ಗಂಟಿಕ್ಕುವುದು, ಹಲ್ಲು ಕಚ್ಚುವುದು, ಬಟ್ಟೆ ಹಿಂಡುವುದು, ಮಗ್ಗುಲು ಬದಲಿಸುವಾಗ ನಿಮ್ಮ ಕೈಯನ್ನು ತಳ್ಳುವುದು. 'ಅಜ್ಜಿಗೆ ಕೋಪ ಜಾಸ್ತಿ' ಎಂದು ಶಿಫ್ಟ್ ಬದಲಾಗುವಾಗ ಹ್ಯಾಂಡೋವರ್‌ನಲ್ಲಿ ಹೇಳುವುದನ್ನು ಕೇಳಿದ್ದೇನೆ; ಅದರಲ್ಲಿ ಹೆಚ್ಚಿನದು ಕೋಪವಾಗಿರುವುದಿಲ್ಲ, ನೋವಾಗಿರುತ್ತದೆ. ಡಾಕ್ಟರ್ ಮಾರ್ಫಿನ್ ಬರೆದರೆ ಹೆದರಬೇಡಿ. ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಎಳೆದು ತರುವುದಿಲ್ಲ, ನೋವನ್ನೂ ಉಸಿರಾಟದ ಸಂಕಟವನ್ನೂ ಇಳಿಸುತ್ತದೆ. ಕೊಡುವುದು ನರ್ಸ್ ಕೆಲಸ. ಹೊತ್ತು ಮೀರಿದೆ ಎಂದು ನೆನಪಿಸುವುದು, ಕೊಟ್ಟ ಮೇಲೆ ಮುಖ ಸಡಿಲವಾಯಿತೇ ಎಂದು ನೋಡುವುದು, ಮಲಬದ್ಧತೆ ಬರುತ್ತದೆಂದು ಎಚ್ಚರವಹಿಸುವುದು ನಿಮ್ಮದು.

ಇನ್ನು ನಿಮ್ಮ ನೈಟ್ ಡ್ಯೂಟಿಯ ಭಯ. ಏನು ಬರುತ್ತದೆ ಎಂದು ಗೊತ್ತಿದ್ದರೆ ಭಯ ಅರ್ಧ ಇಳಿಯುತ್ತದೆ, ಅದಕ್ಕೇ ಹೇಳುತ್ತೇನೆ.

ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗುತ್ತದೆ. ಪಾದ, ಕೈಬೆರಳು ತಣ್ಣಗಾಗುತ್ತವೆ, ಮಂಡಿಯ ಸುತ್ತ ನೇರಳೆ ಬಣ್ಣದ ಬಲೆಯಂಥ ಕಲೆ ಮೂಡಬಹುದು. ಹಗುರಾದ ಹೊದಿಕೆ ಹೊದಿಸಿ, ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಕೆಲವರು ಹಿಂದಿನ ದಿನ ಇದ್ದಕ್ಕಿದ್ದಂತೆ ಚೇತರಿಸಿಕೊಂಡು ಮಾತಾಡುತ್ತಾರೆ, ಕಾಫಿ ಕೇಳುತ್ತಾರೆ. ದೀಪ ಆರುವ ಮುನ್ನ ಜೋರಾಗಿ ಉರಿಯುತ್ತದೆ ಎಂದು ಹಿರಿಯರು ಹೇಳುವುದು ಇದನ್ನೇ. ಮನೆಯವರಿಗೆ ಸುಳ್ಳು ಭರವಸೆ ಕೊಡಬೇಡಿ, 'ಬಂದು ಮಾತಾಡಿಸಿ' ಎಂದು ಫೋನ್ ಮಾಡಿ. ಆಮೇಲೆ ಉಸಿರು ಬದಲಾಗುತ್ತದೆ. ಆಳವಾಗಿ, ಇನ್ನೂ ಆಳವಾಗಿ, ಮತ್ತೆ ಸಣ್ಣಗಾಗುತ್ತಾ ಬಂದು ಪೂರ್ತಿ ನಿಲ್ಲುತ್ತದೆ. ನೀವು ಇಪ್ಪತ್ತೋ ಮೂವತ್ತೋ ಎಣಿಸುವಷ್ಟರಲ್ಲಿ ಮತ್ತೆ ಶುರು. ಹತ್ತೊಂಬತ್ತನೇ ಶತಮಾನದಲ್ಲಿ ಡಬ್ಲಿನ್ನಿನಲ್ಲಿದ್ದ ಚೇನ್ ಮತ್ತು ಸ್ಟೋಕ್ಸ್ ಎಂಬ ವೈದ್ಯರು ಇದನ್ನು ಬರೆದಿಟ್ಟದ್ದರಿಂದ ಅವರ ಹೆಸರಿನಲ್ಲೇ ಕರೆಯುತ್ತಾರೆ. ನಮ್ಮ ಹಳ್ಳಿಯವರು ಮೇಲುಸಿರು ಅನ್ನುತ್ತಾರೆ. ಗಂಟಲಲ್ಲಿ ಗೊರಗೊರ ಶಬ್ದ ಬರಬಹುದು. ಕೇಳುವವರಿಗೆ ಎದೆ ನಡುಗುತ್ತದೆ, ಆದರೆ ಅವರು ಮುಳುಗುತ್ತಿಲ್ಲ. ನುಂಗಲಾಗದ ಜೊಲ್ಲಿನ ಮೇಲೆ ಗಾಳಿ ಓಡಾಡುವ ಸದ್ದು ಅದು. ಓರೆಯಾಗಿ ಮಲಗಿಸಿ ತಲೆ ಸ್ವಲ್ಪ ಎತ್ತರಿಸಿ, ಬಾಯಂಚಿಗೆ ಬಂದದ್ದನ್ನು ಒರೆಸಿ. ಗಂಟಲಿನಾಳಕ್ಕೆ ಸಕ್ಷನ್ ಹಾಕಿ ಎಳೆಯುವುದರಿಂದ ನೋವಾಗುತ್ತದೆಯೇ ಹೊರತು ಶಬ್ದ ನಿಲ್ಲುವುದಿಲ್ಲ. ಕಡಿಮೆ ಮಾಡುವ ಇಂಜೆಕ್ಷನ್ ಇದೆ, ನರ್ಸ್‌ಗೆ ಹೇಳಿ. ಕಿಟಕಿ ತೆಗೆದು ಫ್ಯಾನ್ ಸಣ್ಣಗೆ ಇಡಿ. ಕಿವಿ ಬಹಳ ಹೊತ್ತು ಕೇಳಿಸಿಕೊಳ್ಳುತ್ತಿರುತ್ತದೆ ಎಂದುಕೊಂಡೇ ನಡೆದುಕೊಳ್ಳಿ. ಹಾಸಿಗೆಯ ಪಕ್ಕದಲ್ಲಿ ನಿಂತು ಆಂಬುಲೆನ್ಸ್, ಬಾಡಿಗೆ, ಆಸ್ತಿ ಯಾವುದನ್ನೂ ಯಾರೂ ಮಾತಾಡದಂತೆ ನೋಡಿಕೊಳ್ಳಿ. ಮನೆಯವರು ಗಂಗಾಜಲವೋ ತುಳಸಿ ನೀರೋ, ಜಮ್‌ಜಮ್ ನೀರೋ ಬಿಡಬೇಕೆಂದರೆ ಬೇಡ ಅನ್ನಬೇಡಿ. ಉದ್ಧರಣೆಯ ತುಂಬ ಅಲ್ಲ, ಹತ್ತಿಯಲ್ಲಿ ಅದ್ದಿ ತುಟಿಗೆ ಒಂದು ಹನಿ.

ಇದಕ್ಕೆಲ್ಲ ಮೊದಲೇ, ಅಂದರೆ ಈ ವಾರವೇ, ಒಂದು ಕೆಲಸ ಆಗಬೇಕು. ಮ್ಯಾನೇಜರ್, ಡಾಕ್ಟರ್, ಮಗ ಕೂತು ಮಾತಾಡಿ ರಾತ್ರಿ ಏನಾದರೂ ಆದರೆ ಆಸ್ಪತ್ರೆಗೆ ಸಾಗಿಸಬೇಕೋ, ಇಲ್ಲೇ ನೆಮ್ಮದಿಯಾಗಿ ಇರಿಸಬೇಕೋ ಎಂದು ತೀರ್ಮಾನಿಸಿ ಫೈಲಿನಲ್ಲಿ ಬರೆಯಬೇಕು. ಇದನ್ನು ಕೇಳುವ ಹಕ್ಕು ನಿಮಗಿದೆ. ನಡುರಾತ್ರಿ ಎರಡು ಗಂಟೆಗೆ ಈ ಭಾರ ನಿಮ್ಮ ಒಬ್ಬರ ತಲೆಮೇಲೆ ಬೀಳಬಾರದು. ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು. 2023ರಲ್ಲಿ ಅದರ ವಿಧಾನವನ್ನು ಸರಳ ಮಾಡಿತು: ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಉಯಿಲಿಗೆ ಇಬ್ಬರು ಸಾಕ್ಷಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಅದನ್ನು ಜಾರಿಗೆ ತರಲು ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿ ಕೊನೆಯಲ್ಲಿ ಆದೇಶ ಹೊರಡಿಸಿತು. ನಿಮ್ಮ ಅಜ್ಜಿ ಈಗ ಬರೆಯುವ ಸ್ಥಿತಿಯಲ್ಲಿಲ್ಲ. ಆದರೆ ಮೊದಲು ಯಾವಾಗಲಾದರೂ ಯಾರ ಬಳಿಯಾದರೂ 'ನನ್ನ ಆಸ್ಪತ್ರೆಗೆ ಹಾಕಬೇಡಿ' ಅಂತಲೋ, 'ನಮ್ಮೂರಿಗೇ ಕರ್ಕೊಂಡು ಹೋಗಿ' ಅಂತಲೋ ಹೇಳಿದ್ದರೆ ಅದನ್ನು ಮಗನಿಗೆ ತಿಳಿಸಿ. ಅಡುಗೆಯವರನ್ನೂ ಕೇಳಿ, ಇಂಥ ಮಾತು ಅವರ ಬಳಿ ಬಂದಿರುತ್ತದೆ.

ಅದೇ ಮಾತುಕತೆಯಲ್ಲಿ ಮನೆಯ ಪದ್ಧತಿಯನ್ನೂ ಕೇಳಿಟ್ಟುಕೊಳ್ಳಿ. ಇದು ತರಬೇತಿಯಲ್ಲಿ ಸಿಗುವುದಿಲ್ಲ. ಪ್ರಾಣ ಹೋದ ಮೇಲೆ ಮೈ ನೇರ ಮಾಡಿ ಮಲಗಿಸಬೇಕೆಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಆದರೆ ಲಿಂಗಾಯತರಲ್ಲಿ ಪಾರ್ಥಿವ ಶರೀರವನ್ನು ಕುಳ್ಳಿರಿಸುತ್ತಾರೆ, ಸಮಾಧಿ ಮಾಡುವುದೂ ಕೂತ ಭಂಗಿಯಲ್ಲೇ. ಮೈ ಸೆಟೆದುಕೊಳ್ಳುವುದು ಎರಡು ಮೂರು ಗಂಟೆಯಲ್ಲಿ ದವಡೆ, ಕತ್ತಿನಿಂದ ಶುರುವಾಗುತ್ತದೆ. ಮನೆಯವರು ಬರುವಷ್ಟರಲ್ಲಿ ಕಾಲು ಮಡಚಲು ಆಗದಂತಾದರೆ ಅವರಿಗೆ ಎಷ್ಟು ಸಂಕಟ, ಯೋಚಿಸಿ. ಕೊರಳಿನ ಇಷ್ಟಲಿಂಗವನ್ನೂ ಒಡವೆ ಎಂದುಕೊಂಡು ಬಿಚ್ಚಿಡಬೇಡಿ. ಮುಸ್ಲಿಮರಲ್ಲಿ ಮುಖ ಪಶ್ಚಿಮಕ್ಕೆ ತಿರುಗಿಸಬೇಕು, ಸ್ನಾನ ಮಾಡಿಸುವುದು ಅವರದೇ ಹೆಂಗಸರು. ನೀವು ಒದ್ದೆಯಾದ ಪ್ಯಾಡ್ ಬದಲಿಸಿ ಶುಚಿಯಾಗಿ ಮುಚ್ಚಿಟ್ಟರೆ ಸಾಕು. ಕ್ಯಾಥೊಲಿಕರಾದರೆ ಪಾದ್ರಿಯವರು ಜೀವವಿರುವಾಗಲೇ ಬರಬೇಕು. ಕೆಲವು ಮನೆಗಳಲ್ಲಿ ಕೊನೆಯುಸಿರಿಗೆ ಮೊದಲು ನೆಲಕ್ಕೆ ಇಳಿಸುತ್ತಾರೆ, ಹಾಸಿಗೆ ಚಾಪೆ ಸಿದ್ಧವಿರಲಿ.

ಉಸಿರು ನಿಂತಿತು ಎನಿಸಿದರೆ ಓಡಬೇಡಿ. ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳಿ. ನರ್ಸ್, ಅವರಿಲ್ಲದಿದ್ದರೆ ಮ್ಯಾನೇಜರ್, ಅವರಿಂದ ಡಾಕ್ಟರ್. ಸತ್ತಿದ್ದಾರೆ ಎಂದು ಹೇಳಬೇಕಾದವರು ಡಾಕ್ಟರ್ ಮಾತ್ರ, ನೀವು ಫೋನಿನಲ್ಲಿ ಮಗನಿಗೆ ಆ ಪದ ಬಳಸುವಂತಿಲ್ಲ. ಸಾವಿನ ಕಾರಣದ ಪ್ರಮಾಣಪತ್ರ ಆಸ್ಪತ್ರೆಯಲ್ಲಾದರೆ ನಮೂನೆ 4, ಹೊರಗಾದರೆ 4ಎ. ಸಾವಾದ ದಿನದಿಂದ 21 ದಿನದೊಳಗೆ ನೋಂದಣಿ ಆಗಬೇಕು. ಕಣ್ಣು ಮೆಲ್ಲಗೆ ಮುಚ್ಚಿ, ಹಲ್ಲಿನ ಸೆಟ್ ಹಾಕಿ, ಗದ್ದದ ಕೆಳಗೆ ಮಡಚಿದ ಟವೆಲ್ ಇಡಿ, ತಲೆಯ ಕೆಳಗೆ ಒಂದು ದಿಂಬು ಇರಲಿ. ಮೈಮೇಲಿನ ಒಡವೆಯನ್ನು ಇನ್ನೊಬ್ಬರ ಎದುರಿಗೇ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ. ಎಷ್ಟೋ ಒಳ್ಳೆಯ ಹುಡುಗಿಯರು ಒಂದು ಓಲೆಯ ಕಾರಣಕ್ಕೆ ಕಳ್ಳಿ ಎನಿಸಿಕೊಂಡದ್ದನ್ನು ನೋಡಿದ್ದೇನೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಡಾಕ್ಟರ್‌ಗೆ ನೆನಪಿಸಿ, ದಹನಕ್ಕೆ ಮೊದಲು ಅದನ್ನು ತೆಗೆಯಬೇಕು. ಮನೆಯವರಿಗೆ ನೇತ್ರದಾನದ ಮನಸ್ಸಿದ್ದರೆ ಆರು ಗಂಟೆಯೊಳಗೆ ಆಗಬೇಕು. ಫ್ಯಾನ್ ಆರಿಸಿ, ಮುಚ್ಚಿದ ರೆಪ್ಪೆಯ ಮೇಲೆ ಒದ್ದೆ ಹತ್ತಿ ಇಟ್ಟು, ಐ ಬ್ಯಾಂಕಿಗೆ ಫೋನ್ ಮಾಡಿಸಿ. 86 ವರ್ಷ ಅಡ್ಡಿಯಲ್ಲ, ಪೊರೆಯ ಆಪರೇಷನ್ ಆಗಿದ್ದರೂ ಅಡ್ಡಿಯಲ್ಲ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದ ಮೇಲೆ ಈ ಮಾತನ್ನು ಎತ್ತುವುದು ನಮ್ಮ ಜನರ ನಡುವೆ ಸುಲಭವಾಗಿದೆ.

ಜೊತೆಯವರು ಮೂಗು ಹಿಡಿಯುವುದನ್ನು ನಿಲ್ಲಿಸದಿದ್ದರೆ ನರ್ಸ್‌ಗೆ, ಮ್ಯಾನೇಜರ್‌ಗೆ ಹೇಳಿ. ಅವರೂ ಕಿವಿಗೊಡದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ.

ಅಳುವ ಬಗ್ಗೆ ಕೇಳಿದ್ದಿರಿ. ಆಚೆ ಹೋಗಬೇಡಿ. ಎಂಟು ತಿಂಗಳಿಂದ ಮೈ ತೊಳೆದು ತಲೆ ಬಾಚಿದ ಕೈ ನಿಮ್ಮದು, ಕಣ್ಣು ತುಂಬಿದರೆ ತುಂಬಲಿ. ಸ್ಟೂಲ್ ಎಳೆದು ಕೂತು ಅವರ ಕೈ ಹಿಡಿದುಕೊಳ್ಳಿ. ಕೈ ಮೇಲೆ ಕೈ ಒತ್ತಿ ಹಿಡಿಯಬೇಡಿ, ನಿಮ್ಮ ಅಂಗೈ ಅವರ ಅಂಗೈ ಕೆಳಗಿರಲಿ, ಬೇಡ ಎನಿಸಿದರೆ ಎಳೆದುಕೊಳ್ಳಲು ಅವರಿಗೆ ಆಗಬೇಕು. ಅವರು ಹೋದ ಮರುದಿನ ಆ ಹಾಸಿಗೆಗೆ ಬೇರೆಯವರು ಬಂದಿರುತ್ತಾರೆ, ಕೆಲಸದ ಗಡಿಬಿಡಿಯಲ್ಲಿ ಯಾರೂ ನಿಮ್ಮನ್ನು ಹೇಗಿದ್ದೀಯಾ ಎಂದು ಕೇಳುವುದಿಲ್ಲ. ಮ್ಯಾನೇಜರ್ ಹತ್ತಿರ ಈಗಲೇ ಮಾತಾಡಿ, ಆ ದಿನ ಮಣ್ಣಿಗೋ ಚಿತಾಗಾರಕ್ಕೋ ಹೋಗಿ ಬರಲು ಎರಡು ಗಂಟೆ ಬಿಡುವು ಕೇಳಿಟ್ಟುಕೊಳ್ಳಿ.